ಹಳಿ ಇದೆ, ವೇಳಾಪಟ್ಟಿ ಯಾರದು?

ಬೆಂಗಳೂರಿಗೆ ರೈಲು ಮೊದಲು ಬಂದು ನಿಂತದ್ದು ದಂಡು ಪ್ರದೇಶದಲ್ಲಿ. 1864ರಲ್ಲಿ ಮದ್ರಾಸ್ ರೈಲ್ವೆ ಕಂಪನಿ ಜೋಲಾರಪೇಟೆಯಿಂದ ಹಾಕಿಕೊಂಡು ಬಂದ ಹಳಿ ಕಂಟೋನ್ಮೆಂಟ್ ನಿಲ್ದಾಣಕ್ಕೆ ಮುಗಿಯುತ್ತಿತ್ತು. ಪೇಟೆಯ ಜನ ರೈಲು ಹತ್ತಬೇಕಾದರೆ ದಂಡಿಗೆ ಹೋಗಬೇಕಿತ್ತು. ಇಂದಿರಾನಗರ ಬಡಾವಣೆ ರೂಪುಗೊಳ್ಳುವುದಕ್ಕೆ ನೂರು ವರ್ಷ ಮೊದಲೇ, ದೂರವಾಣಿನಗರದಲ್ಲಿ ಐಟಿಐ ಕಾರ್ಖಾನೆ ತಲೆಯೆತ್ತುವುದಕ್ಕೆ ಎಂಟು ದಶಕ ಮೊದಲೇ ನಗರದ ಪೂರ್ವ ಭಾಗದಲ್ಲಿ ರೈಲು ಓಡುತ್ತಿತ್ತು. ಇಂದು ಕಂಟೋನ್ಮೆಂಟ್‌ನಿಂದ ಕೃಷ್ಣರಾಜಪುರದವರೆಗಿನ ಸುಮಾರು ಹತ್ತು ಕಿ.ಮೀ. ದೂರವನ್ನು ರೈಲು ಇಪ್ಪತ್ತು ನಿಮಿಷಗಳ ಆಸುಪಾಸಿನಲ್ಲಿ ಕ್ರಮಿಸುತ್ತದೆ. ಶಿವಾಜಿನಗರದಲ್ಲಿ ಬಸ್ ಹತ್ತಿ ಹಲಸೂರು, ಹಳೆ ಮದ್ರಾಸ್ ರಸ್ತೆ, ಟಿನ್ ಫ್ಯಾಕ್ಟರಿ ದಾಟಿ ಅಲ್ಲಿಗೆ ತಲಪುವವನು ಸಂಜೆಯ ಹೊತ್ತು ಒಂದು ಗಂಟೆಯನ್ನಾದರೂ ಲೆಕ್ಕಕ್ಕಿಟ್ಟುಕೊಳ್ಳಬೇಕು. ಆದರೂ ಅವನು ಬಸ್ಸನ್ನೇ ಹತ್ತುತ್ತಾನೆ. ಬಸ್ ಯಾವಾಗ ಬರಬಹುದೆಂಬ ಅಂದಾಜು ಅವನಿಗಿದೆ. ಮುಂದಿನ ರೈಲು ಎಷ್ಟು ಹೊತ್ತಿಗೆ ಎಂಬುದು ಗೊತ್ತಿಲ್ಲ.

ಬೆಂಗಳೂರಿಗೊಂದು ಉಪನಗರ ರೈಲು ಬೇಕೆಂಬ ಮಾತು ಹೊಸದಲ್ಲ. 1983ರಲ್ಲಿಯೇ ದಕ್ಷಿಣ ರೈಲ್ವೆಯ ತಂಡವೊಂದು ಈ ಕುರಿತು ಶಿಫಾರಸು ಮಾಡಿತ್ತು. 2012ರಲ್ಲಿ ರೈಟ್ಸ್ ಸಂಸ್ಥೆ ವರದಿ ನೀಡಿತು. ಆಮೇಲೆ ನಾಗರಿಕರು ‘ಚುಕು ಬುಕು ಬೇಕು’ ಎಂದು ಬೀದಿಗಿಳಿದರು. 2018ರ ಕೇಂದ್ರ ಬಜೆಟ್‌ನಲ್ಲಿ 160 ಕಿ.ಮೀ. ಜಾಲಕ್ಕೆ 17,000 ಕೋಟಿ ರೂಪಾಯಿಯ ಘೋಷಣೆಯಾಯಿತು. ಅದು ತುಸು ಕಿರಿದಾಗಿ, 148 ಕಿ.ಮೀ. ಉದ್ದದ, 15,767 ಕೋಟಿ ರೂಪಾಯಿ ವೆಚ್ಚದ ಯೋಜನೆಯಾಗಿ 2020ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟದ ಅನುಮೋದನೆ ಪಡೆಯಿತು. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ನಾಲ್ಕು ಮಾರ್ಗಗಳು. ಹೆಸರಿಡುವುದರಲ್ಲಿ ನಾವು ಎಂದೂ ಹಿಂದೆ ಬಿದ್ದವರಲ್ಲ. 2022ರ ಜೂನ್ 20ರಂದು ಪ್ರಧಾನಿ ಶಂಕುಸ್ಥಾಪನೆ ನೆರವೇರಿಸಿ ನಲವತ್ತು ತಿಂಗಳ ಗಡುವು ನೀಡಿದರು. ಆ ಗಡುವು 2025ರ ಅಕ್ಟೋಬರ್‌ನಲ್ಲಿ ಮುಗಿಯುವ ವೇಳೆಗೆ ಒಂದು ಕಿ.ಮೀ. ದೂರವೂ ರೈಲು ಓಡಿರಲಿಲ್ಲ. ಮಲ್ಲಿಗೆ ಮತ್ತು ಕನಕ ಮಾರ್ಗಗಳ ಗುತ್ತಿಗೆ ಪಡೆದಿದ್ದ ಕಂಪನಿ, ಭೂಮಿ ಸಕಾಲಕ್ಕೆ ಕೈಸೇರಲಿಲ್ಲವೆಂದು ಹೇಳಿ ಆ ವರ್ಷವೇ ಹೊರನಡೆದಿತ್ತು. ಸಂಪಿಗೆ ಮತ್ತು ಪಾರಿಜಾತ ಮಾರ್ಗಗಳಲ್ಲಿ ಸಿವಿಲ್ ಕಾಮಗಾರಿ ಆರಂಭವೇ ಆಗಿರಲಿಲ್ಲ.

ಮೊದಲ ಹಂತದ ಸ್ಥಿತಿ ಹೀಗಿರುವಾಗಲೇ ವಿಸ್ತರಣೆಯ ನಕ್ಷೆಯೂ ಸಿದ್ಧವಾಗಿದೆ. ಯೋಜನೆಯ ಹೊಣೆ ಹೊತ್ತಿರುವ ಕೆ-ರೈಡ್, ರಾಜ್ಯ ಸರ್ಕಾರ ಮತ್ತು ರೈಲ್ವೆ ಸಚಿವಾಲಯ 51:49ರ ಪಾಲುದಾರಿಕೆಯಲ್ಲಿ ಕಟ್ಟಿಕೊಂಡ ಕಂಪನಿ. ಮೈಸೂರು, ತುಮಕೂರು, ಮಾಗಡಿ, ಗೌರಿಬಿದನೂರು, ಕೋಲಾರ, ಹೊಸೂರು ಮತ್ತು ಬಂಗಾರಪೇಟೆಗಳನ್ನು ಒಳಗೊಂಡ 452 ಕಿ.ಮೀ. ಎರಡನೆಯ ಹಂತದ ಕಾರ್ಯಸಾಧ್ಯತಾ ಅಧ್ಯಯನಕ್ಕೆ ಅದು ಒಪ್ಪಿಗೆ ಕೋರಿದಾಗ ರೈಲ್ವೆ ಸಮ್ಮತಿಸಲಿಲ್ಲ. ಇನ್ನೊಂದೆಡೆ ರೈಲ್ವೆಯೇ ನಗರದ ಸುತ್ತ 287 ಕಿ.ಮೀ. ವರ್ತುಲ ರೈಲಿನ ಪ್ರಸ್ತಾವ ಮುಂದಿಟ್ಟಿದೆ. ಒಂದೇ ನಗರಕ್ಕೆ, ಒಂದೇ ಪ್ರಯಾಣಿಕ ಸಮುದಾಯಕ್ಕೆ, ಒಂದೇ ಸಾರ್ವಜನಿಕ ಬೊಕ್ಕಸದ ಎರಡು ಕೈಗಳು ಬೇರೆ ಬೇರೆ ನಕ್ಷೆ ಬರೆಯುತ್ತಿವೆ.

ಈ 452 ಕಿ.ಮೀ.ಗಳಲ್ಲಿ ವೈಟ್‌ಫೀಲ್ಡ್‌ನಿಂದ ಬಂಗಾರಪೇಟೆಯವರೆಗಿನ 45 ಕಿ.ಮೀ. ತುಣುಕನ್ನು ಬೇರೆಯಾಗಿಯೇ ನೋಡಬೇಕು. ಅಲ್ಲಿ ‘ಸಂಭಾವ್ಯ ಪ್ರಯಾಣಿಕರ’ ಸಮೀಕ್ಷೆ ನಡೆಸುವ ಅಗತ್ಯವೇ ಇಲ್ಲ. ಪ್ರಯಾಣಿಕರು ಈಗಾಗಲೇ ರೈಲಿನಲ್ಲಿದ್ದಾರೆ. 1990ರ ದಶಕದ ಆರಂಭದಲ್ಲಿ ಕೋಲಾರ ಜಿಲ್ಲೆಯಲ್ಲಿ ಸೇವೆಯಲ್ಲಿದ್ದಾಗ ವಾರಾಂತ್ಯಗಳಲ್ಲಿ ನಾನು ಇದೇ ರೈಲಿನಲ್ಲಿ ಬೆಂಗಳೂರಿಗೆ ಬರುತ್ತಿದ್ದೆ. ಆಗ ಚಿನ್ನದ ಗಣಿಗಳು ಕ್ಷೀಣಿಸಿದ್ದರೂ ಬದುಕಿದ್ದವು. 2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಮುಚ್ಚಿತು. ಕೆಜಿಎಫ್ ಊರಿನ ಕಾಲೊನಿಗಳು ಬರಿದಾಗಲಿಲ್ಲ. ಅಲ್ಲಿಯ ಮಕ್ಕಳು ಬೆಳಗಿನ ಜಾವ ಎದ್ದು ಮಾರಿಕುಪ್ಪಂ, ಚಾಂಪಿಯನ್, ಉರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ರೈಲು ಹತ್ತಿ ಬೆಂಗಳೂರಿನ ಅಂಗಡಿ, ಆಸ್ಪತ್ರೆ, ಕಾರ್ಖಾನೆ, ಭದ್ರತಾ ಕೆಲಸಗಳಿಗೆ ಬರಲಾರಂಭಿಸಿದರು. ಬಂಗಾರಪೇಟೆ, ಟೇಕಲ್, ಮಾಲೂರಿನವರೂ ಅವರೊಡನೆ ಸೇರಿಕೊಂಡರು. ಇವರಲ್ಲಿ ಬಹುಪಾಲು ಜನ ವೈಟ್‌ಫೀಲ್ಡ್, ಕೃಷ್ಣರಾಜಪುರ, ಕಂಟೋನ್ಮೆಂಟ್‌ಗಳಲ್ಲಿ ಇಳಿದು ನಗರದೊಳಗೆ ಹಂಚಿಹೋಗುತ್ತಾರೆ. ಒಂದು ಬಂದರು ಮುಚ್ಚಿದರೆ, ಒಂದು ಗಿರಣಿ ನಿಂತರೆ ಪರಿಹಾರದ ಪ್ಯಾಕೇಜಿನ ಬಗ್ಗೆ ಚರ್ಚೆಯಾಗುತ್ತದೆ. ಕೆಜಿಎಫ್‌ಗೆ ದೊರೆತ ನಿಜವಾದ ಪ್ಯಾಕೇಜ್ ಎಂದರೆ ಈ ರೈಲು. ಅದನ್ನು ಯಾರೂ ಯೋಜಿಸಿ ಕೊಟ್ಟದ್ದಲ್ಲ.

ಸಿಗ್ನಲ್‌ನ ಕೆಂಪು ದೀಪದ ಮುಂದೆ ಇಂಥ ರೈಲನ್ನು ನಿಲ್ಲಿಸಿ ಎಕ್ಸ್‌ಪ್ರೆಸ್‌ಗೆ ದಾರಿ ಬಿಡುವುದು ಅದರ ಪ್ರಯಾಣಿಕರಿಗೆ ನಿತ್ಯದ ಅನುಭವ. ಇದನ್ನು ರೈಲ್ವೆಯ ದುರಹಂಕಾರವೆಂದು ಬೈಯುವುದು ಸುಲಭ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಹಾಗೆ ಅನ್ನಿಸುವುದಿಲ್ಲ. ರೈಲ್ವೆಗೆ ಆದಾಯ ತರುವುದು ಸರಕು ಸಾಗಣೆ. ಪ್ರಯಾಣಿಕ ರೈಲುಗಳ ವೆಚ್ಚದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಾತ್ರ ಟಿಕೆಟ್ ದರದಿಂದ ಹಿಂದಿರುಗುತ್ತದೆಂದು ರೈಲ್ವೆಯೇ ಹೇಳುತ್ತ ಬಂದಿದೆ. ತಿಂಗಳ ಪಾಸಿನ ಪ್ರಯಾಣಿಕನಿಂದ ಅದಕ್ಕಿಂತಲೂ ಕಡಿಮೆ. ಹೀಗಿರುವಾಗ ಚೆನ್ನೈ ಮಾರ್ಗದಂಥ ತುಂಬಿದ ಹಳಿಯ ಮೇಲೆ ಒಂದು ಲೋಕಲ್ ರೈಲು ಓಡಿಸುವುದೆಂದರೆ ಒಂದು ಸರಕು ರೈಲನ್ನೋ ದೂರದ ರೈಲನ್ನೋ ಕೈಬಿಟ್ಟಂತೆ. ಅಷ್ಟೇ ಅಲ್ಲದೆ, ಮೂರು ನಾಲ್ಕು ಕಿ.ಮೀ.ಗೊಮ್ಮೆ ನಿಲ್ಲುವ ರೈಲೂ ನಿಲ್ಲದೆ ಧಾವಿಸುವ ರೈಲೂ ಒಂದೇ ಹಳಿಯಲ್ಲಿ ಓಡಿದಾಗ ಹಳಿಯ ಸಾಮರ್ಥ್ಯ ರೈಲುಗಳ ಸಂಖ್ಯೆಗಿಂತ ವೇಗವಾಗಿ ಕುಗ್ಗುತ್ತದೆ. ಹಿಂದಿನಿಂದ ಬರುವ ವೇಗದ ರೈಲು ಮುಂದಿನ ನಿಧಾನದ ರೈಲಿನ ಬೆನ್ನು ಹತ್ತದಂತೆ ಇಬ್ಬರ ನಡುವೆ ದೊಡ್ಡ ಅಂತರ ಬಿಡಬೇಕಾಗುತ್ತದೆ. ಹೀಗೆ ನಿಂತ ಪ್ರತಿ ಲೋಕಲ್ ರೈಲಿಗೂ ಒಂದು ಅವಕಾಶ ವೆಚ್ಚವಿದೆ. ಅದನ್ನು ಭರಿಸುವವರು ಯಾರು ಎಂಬುದು ಇತ್ಯರ್ಥವಾಗದಿದ್ದರೆ ನಿಯಂತ್ರಣ ಕೊಠಡಿಯಲ್ಲಿ ಕುಳಿತ ಅಧಿಕಾರಿ ತನ್ನ ಸಂಸ್ಥೆಯ ಹಿತವನ್ನೇ ನೋಡುತ್ತಾನೆ. ಅವನ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ.

ಈ ಬಿಕ್ಕಟ್ಟಿಗೆ ಎಂಜಿನಿಯರಿಂಗ್ ಉತ್ತರವೂ ಇದೆ: ಹಳಿಗಳನ್ನು ಹೆಚ್ಚಿಸಿ ನಿಧಾನದ ರೈಲುಗಳನ್ನು ಪ್ರತ್ಯೇಕಿಸುವುದು. ಈ ಭಾಗದ ಚತುಷ್ಪಥ ಕಾಮಗಾರಿ 1990ರ ದಶಕದ ಕೊನೆಯಲ್ಲೇ ರೈಲ್ವೆಯ ಕಡತದಲ್ಲಿ ಕಾಣಿಸಿಕೊಂಡು ಎರಡು ದಶಕ ಅಲ್ಲಿಯೇ ಮಲಗಿತ್ತು. ಅನಂತರ ಕಂಟೋನ್ಮೆಂಟ್–ವೈಟ್‌ಫೀಲ್ಡ್ ನಡುವೆ ಮೂರನೆಯ ಮತ್ತು ನಾಲ್ಕನೆಯ ಹಳಿಗಳ ಕಾಮಗಾರಿಯನ್ನು ಕೈಗೆತ್ತಿಕೊಳ್ಳಲಾಯಿತು. ಇದೇ ದಾರಿಯಲ್ಲಿ ಉಪನಗರ ಯೋಜನೆಯ ಪಾರಿಜಾತ ಮಾರ್ಗವೂ ಇದೆ: ಕೆಂಗೇರಿಯಿಂದ ವೈಟ್‌ಫೀಲ್ಡ್‌ಗೆ, 35.52 ಕಿ.ಮೀ. ಇಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ನಾಲ್ಕು ಹಳಿಗಳು ಬಂದ ಮೇಲೆ ಪಾರಿಜಾತಕ್ಕೆಂದು ಇನ್ನೆರಡು ಬೇಕೇ? ಮೆಟ್ರೊದ ನೇರಳೆ ಮಾರ್ಗ ಹಲಸೂರು, ಇಂದಿರಾನಗರ, ಬೈಯಪ್ಪನಹಳ್ಳಿ, ಕೃಷ್ಣರಾಜಪುರದ ಮೂಲಕ 2023ರಿಂದ ವೈಟ್‌ಫೀಲ್ಡ್ ಮುಟ್ಟಿರುವಾಗ ಪಕ್ಕದಲ್ಲೇ ಇನ್ನೊಂದು ರೈಲು ವ್ಯರ್ಥವಲ್ಲವೇ?

ಎರಡನೆಯ ಪ್ರಶ್ನೆ ಮೊದಲು. ಮೆಟ್ರೊ ಮತ್ತು ಉಪನಗರ ರೈಲು ಪರಸ್ಪರ ಪರ್ಯಾಯವೆಂಬ ಭಾವನೆ ನಕ್ಷೆಯನ್ನು ಮಾತ್ರ ನೋಡುವವರದು. 2025ರ ಫೆಬ್ರುವರಿಯಲ್ಲಿ ಮೆಟ್ರೊದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೇರಿತು. 10ರಿಂದ 15 ಕಿ.ಮೀ. ಪ್ರಯಾಣಕ್ಕೆ 60 ರೂಪಾಯಿ. ದಿನಕ್ಕೆರಡು ಬಾರಿ, ತಿಂಗಳಿಗೆ 25 ದಿನ ಎಂದರೆ 3,000 ರೂಪಾಯಿ. ರೈಲ್ವೆಯ ಎರಡನೇ ದರ್ಜೆಯ ತಿಂಗಳ ಪಾಸ್ ಇದಕ್ಕಿಂತ ಎಷ್ಟೋ ಉದ್ದದ ಪ್ರಯಾಣಕ್ಕೂ ಕೆಲವೇ ನೂರು ರೂಪಾಯಿ. ಇಂದಿರಾನಗರದ ಮನೆಗಳಿಗೆ ಕೆಲಸಕ್ಕೆ ಬರುವ ಹೆಂಗಸಿಗೆ, ಶಿವಾಜಿನಗರದ ಅಂಗಡಿಯಲ್ಲಿ ಲೆಕ್ಕ ಬರೆಯುವ ಹುಡುಗನಿಗೆ ಈ ಎರಡರ ನಡುವಣ ಅಂತರವೇ ಒಂದು ತಿಂಗಳ ದಿನಸಿ. ಮೆಟ್ರೊ ನಗರದೊಳಗಿನ ರೈಲು. ಮಾಲೂರಿನ ಪ್ರಯಾಣಿಕನನ್ನು ಅದು ತಲಪುವುದಿಲ್ಲ. ನಿರ್ಮಾಣದ ವೆಚ್ಚವನ್ನೂ ನೋಡಿ. ಮೆಟ್ರೊ ಎರಡನೆಯ ಹಂತದ 72 ಕಿ.ಮೀ.ಗೆ 2014ರಲ್ಲಿ ಮಂಜೂರಾದದ್ದು 26,405 ಕೋಟಿ ರೂಪಾಯಿ, ಅಂದರೆ ಕಿ.ಮೀ.ಗೆ ಸುಮಾರು 366 ಕೋಟಿ. ಆಮೇಲೆ ಅದು ಇನ್ನೂ ಏರಿತು. ಉಪನಗರ ರೈಲಿನ ಅಂದಾಜು ಕಿ.ಮೀ.ಗೆ ಸುಮಾರು 106 ಕೋಟಿ. ಈ ಅಗ್ಗದ ರಹಸ್ಯ ಹಳಿಯ ಪಕ್ಕದ ಜಾಗವನ್ನು ನಮ್ಮ ಹಿರಿಯರ ಕಾಲದಲ್ಲೇ ರೈಲ್ವೆ ಪಡೆದುಕೊಂಡಿರುವುದರಲ್ಲಿದೆ.

ಮೊದಲ ಪ್ರಶ್ನೆಗೆ ನನ್ನ ಉತ್ತರ ಉಪನಗರ ರೈಲಿನ ಉತ್ಸಾಹಿ ಮಿತ್ರರಿಗೆ ರುಚಿಸಲಾರದು. ಕಂಟೋನ್ಮೆಂಟ್–ವೈಟ್‌ಫೀಲ್ಡ್ ನಡುವೆ ಆರು ಹಳಿಗಳ ಅಗತ್ಯ ನನಗೆ ಕಾಣುತ್ತಿಲ್ಲ. ಆದರೆ ನಾಲ್ಕರಲ್ಲಿ ಎರಡು ಹಳಿಗಳು ಬೆಳಿಗ್ಗೆ ಆರೂವರೆಯಿಂದ ಹತ್ತರವರೆಗೆ, ಸಂಜೆ ಐದರಿಂದ ಒಂಬತ್ತರವರೆಗೆ ಲೋಕಲ್ ರೈಲುಗಳಿಗೆ ಮೀಸಲೆಂದು ಬರವಣಿಗೆಯಲ್ಲಿ ಬರಬೇಕು. ಬರವಣಿಗೆ ಎಂದರೆ ಸಭೆಯ ನಡಾವಳಿಯಲ್ಲ, ಪತ್ರಿಕಾ ಹೇಳಿಕೆಯೂ ಅಲ್ಲ. ಎರಡೂ ಸರ್ಕಾರಗಳನ್ನು ಕಟ್ಟಿಹಾಕುವ ಒಪ್ಪಂದ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆಂದರೆ, ‘ತಾತ್ವಿಕ ಒಪ್ಪಿಗೆ’ ಎಂಬ ಪದಪುಂಜದ ಬೆಲೆ ನನಗೆ ಗೊತ್ತು. ಸೇವೆಯಲ್ಲಿದ್ದಾಗ ಹಳಿಯ ಕೆಳಗಿನ ಒಂದು ಸೇತುವೆಯನ್ನು ಅಗಲಗೊಳಿಸುವ ವಿಚಾರವಾಗಿ ನಡೆದ ಜಂಟಿ ಸಭೆಗಳಲ್ಲಿ ನಾನು ಕುಳಿತಿದ್ದೆ. ಯಾವ ಇಲಾಖೆ, ಯಾವ ಊರು ಎಂಬುದು ಇಲ್ಲಿ ಮುಖ್ಯವಲ್ಲ. ಮೊದಲ ಸಭೆಯಲ್ಲೇ ಎರಡೂ ಕಡೆಯವರು ತಾತ್ವಿಕವಾಗಿ ಒಪ್ಪಿದರು. ಐದನೆಯ ಸಭೆಯಲ್ಲೂ ತಾತ್ವಿಕವಾಗಿ ಒಪ್ಪಿದರು. ನಡುವೆ ಇಬ್ಬರು ಅಧಿಕಾರಿಗಳು ನಿವೃತ್ತರಾದರು, ಅಂದಾಜು ವೆಚ್ಚವನ್ನು ಎರಡು ಬಾರಿ ಪರಿಷ್ಕರಿಸಲಾಯಿತು. ಹಣ ಯಾರದು, ಯಾವ ದಿನಾಂಕದೊಳಗೆ ಎಂಬ ಎರಡು ಸಾಲನ್ನು ಬರೆಯಲು ಎರಡೂ ಕಡೆ ಯಾರಿಗೂ ಅಧಿಕಾರವಿರಲಿಲ್ಲ. ನನಗೂ ಇರಲಿಲ್ಲ.

ಹೊರಗಿನ ಉದಾಹರಣೆಗಳು ಇದನ್ನೇ ಹೇಳುತ್ತವೆ. ಹೈದರಾಬಾದಿನ ಎಂಎಂಟಿಎಸ್ 2003ರ ಆಗಸ್ಟ್‌ನಲ್ಲಿ ಆರಂಭವಾದಾಗ ರಾಜ್ಯ ಮತ್ತು ರೈಲ್ವೆ ವೆಚ್ಚವನ್ನು ಸಮನಾಗಿ ಹಂಚಿಕೊಂಡಿದ್ದವು. ಇರುವ ಹಳಿಗಳನ್ನೇ ಬಳಸಿದ್ದರಿಂದ ಅಗ್ಗದಲ್ಲಿ ಬೇಗ ಮುಗಿಯಿತು. ಆಗ ಅದನ್ನು ಹೊಗಳದ ಪತ್ರಿಕೆಯಿರಲಿಲ್ಲ. ಆದರೆ ದೂರದ ರೈಲುಗಳೊಡನೆ ಹಳಿ ಹಂಚಿಕೊಂಡ ಆ ಲೋಕಲ್‌ಗಳು ಸಮಯಕ್ಕೆ ಬರಲಿಲ್ಲ. ಒಂದು ರೈಲಿಗೂ ಇನ್ನೊಂದಕ್ಕೂ ನಡುವಣ ಅಂತರ ಕಾದು ನಿಲ್ಲುವ ತಾಳ್ಮೆಯನ್ನು ಮೀರಿತು. ಎರಡನೆಯ ಹಂತಕ್ಕೆ ರಾಜ್ಯ ತನ್ನ ಮೂರನೇ ಎರಡು ಪಾಲನ್ನು ಸಕಾಲಕ್ಕೆ ಕೊಡದೆ ಕಾಮಗಾರಿ ವರ್ಷಗಟ್ಟಲೆ ಎಳೆಯಿತು. ಚೆನ್ನೈನಲ್ಲಿ ಎತ್ತರದ ಎಂಆರ್‌ಟಿಎಸ್ ರೈಲು 2007ರಲ್ಲಿ ವೇಳಚೇರಿ ತಲಪಿತು. ಅಲ್ಲಿಂದ ಸೇಂಟ್ ಥಾಮಸ್ ಮೌಂಟ್‌ಗೆ ಕೇವಲ ಐದು ಕಿ.ಮೀ.; ಅದರಲ್ಲೂ ಅರ್ಧ ಕಿ.ಮೀ. ಭೂಮಿಯ ವ್ಯಾಜ್ಯಕ್ಕಾಗಿ ಇಡೀ ಕೊಂಡಿ ಒಂದು ದಶಕಕ್ಕೂ ಮೀರಿ ನಿಂತಿತು. ಮುಂಬಯಿಯಲ್ಲಿ 1999ರಲ್ಲಿ ರೈಲ್ವೆ ಮತ್ತು ಮಹಾರಾಷ್ಟ್ರ ಸೇರಿ ನಿಗಮ ಕಟ್ಟಿಕೊಂಡವು. ಅದು ನಿರ್ಮಿಸುತ್ತದೆ, ರೈಲುಗಳನ್ನು ಓಡಿಸುವುದು ಮಧ್ಯ ಮತ್ತು ಪಶ್ಚಿಮ ರೈಲ್ವೆಗಳು. ಠಾಣೆ–ದಿವಾ ನಡುವೆ ಐದನೆಯ, ಆರನೆಯ ಹಳಿಗಳು 2022ರಲ್ಲಿ ತೆರೆದುಕೊಂಡದ್ದು ಲೋಕಲ್‌ಗಳನ್ನೂ ದೂರದ ರೈಲುಗಳನ್ನೂ ಬೇರ್ಪಡಿಸುವ ಉದ್ದೇಶದಿಂದಲೇ. ಅಲ್ಲಿ ಲೋಕಲ್ ರೈಲು ತಡವಾದರೆ ಸರ್ಕಾರ ಅಲ್ಲಾಡುತ್ತದೆ. ಮಾರಿಕುಪ್ಪಂ ರೈಲು ತಡವಾದರೆ ಇಲ್ಲಿ ಯಾವ ಮಂತ್ರಿಗೂ ಫೋನ್ ಬರುವುದಿಲ್ಲ.

ಹಳಿಯಷ್ಟೇ ಮುಖ್ಯವಾದದ್ದು ಹಳಿಯಿಂದ ಇಳಿದ ಮೇಲಿನ ಅರ್ಧ ಕಿ.ಮೀ. ಪೂರ್ವ ಬೆಂಗಳೂರಿನಲ್ಲಿ ನಾವು ಪದೇ ಪದೇ ಎಡವಿದ್ದು ಇಲ್ಲಿ. ಮೆಟ್ರೊದ ಗುಲಾಬಿ ಮಾರ್ಗದ ಸುರಂಗ ನಿಲ್ದಾಣ ಮೂಲ ಯೋಜನೆಯಲ್ಲಿ ಕಂಟೋನ್ಮೆಂಟ್ ರೈಲು ನಿಲ್ದಾಣಕ್ಕೆ ಹೊಂದಿಕೊಂಡೇ ಇತ್ತು. ವೆಚ್ಚ ಮತ್ತು ಕಾಲದ ಉಳಿತಾಯದ ನೆಪದಲ್ಲಿ ಅದನ್ನು ಬಂಬೂ ಬಜಾರ್ ಕಡೆಗೆ ಸರಿಸಲಾಯಿತು. ನಾಗರಿಕರ, ಸಂಸದರ ವಿರೋಧ ಫಲಿಸಲಿಲ್ಲ. ಉಳಿತಾಯ ಒಂದು ಬಾರಿಯದು. ಚೀಲ ಹೊತ್ತು ನಡೆಯುವ ಕಷ್ಟ ನಿಲ್ದಾಣ ಇರುವವರೆಗಿನದು. ಆ ಕಷ್ಟಕ್ಕೆ ಯೋಜನಾ ವರದಿಯ ಕೋಷ್ಟಕದಲ್ಲಿ ಕಾಲಂ ಇಲ್ಲ.

ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಇನ್ನೊಂದು ನಿದರ್ಶನ. ಮುನ್ನೂರು ಕೋಟಿಗೂ ಹೆಚ್ಚು ವೆಚ್ಚದ, ಹವಾನಿಯಂತ್ರಿತ, ನೋಡಲು ಸೊಗಸಾದ ಕಟ್ಟಡ. 2022ರ ಜೂನ್‌ನಲ್ಲಿ ಅಲ್ಲಿಂದ ರೈಲುಗಳು ಹೊರಡಲಾರಂಭಿಸಿದವು. ಬೈಯಪ್ಪನಹಳ್ಳಿ ಎಂಬ ಹೆಸರಿನ ಮೆಟ್ರೊ ನಿಲ್ದಾಣದಲ್ಲಿ ಇಳಿದವನಿಗೆ ಆ ಟರ್ಮಿನಲ್ ಕಣ್ಣಿಗೂ ಕಾಣುವುದಿಲ್ಲ. ಆಟೊ ಚಾಲಕನೊಡನೆ ಚೌಕಾಸಿ ಮಾಡಬೇಕು. ಅಚ್ಚುಕಟ್ಟಿಗೆ ಹೆಸರಾದ ಎಂಜಿನಿಯರ್ ಒಬ್ಬರ ನೆನಪಿಗೆ ಇಟ್ಟ ನಿಲ್ದಾಣದ ಪಾಡು ಇದು. ಆದರೂ ಈ ಟರ್ಮಿನಲ್‌ನಿಂದ ಒಂದು ಉಪಕಾರವಾಗಿದೆ. ಅಲ್ಲಿಯೇ ಮುಗಿಯುವ ಪ್ರತಿ ದೂರದ ರೈಲು ಕಂಟೋನ್ಮೆಂಟ್ ಮೂಲಕ ಮೆಜೆಸ್ಟಿಕ್‌ಗೆ ಹೋಗುವ ಹಳಿಯ ಮೇಲೆ ಸ್ವಲ್ಪ ಸಮಯವನ್ನು ಬಿಡುಗಡೆ ಮಾಡುತ್ತದೆ. ಆ ಸಮಯ ಲೋಕಲ್‌ಗಳಿಗೆ ಸಲ್ಲಬೇಕೆಂದು ಯಾರೂ ಕೇಳಿಟ್ಟುಕೊಳ್ಳಲಿಲ್ಲ.

ಕೃಷ್ಣರಾಜಪುರದಲ್ಲಿ ರೈಲು ಮತ್ತು ಮೆಟ್ರೊ ನಿಲ್ದಾಣಗಳು ಹತ್ತಿರದಲ್ಲೇ ಇವೆ. ಹೊರವರ್ತುಲ ರಸ್ತೆಯ ನೀಲಿ ಮಾರ್ಗವೂ ಅಲ್ಲಿಯೇ ಕೂಡುವಂತೆ ಯೋಜಿಸಲಾಗಿದೆ. 2003ರಲ್ಲಿ ತೂಗುಸೇತುವೆ ಕಟ್ಟಿದಾಗ ವಾಹನಗಳ ಬಗ್ಗೆ ಯೋಚಿಸಲಾಯಿತು, ಕಾಲ್ನಡಿಗೆಯವರ ಬಗ್ಗೆ ಅಷ್ಟಾಗಿ ಅಲ್ಲ. ಮೂರು ಮಾರ್ಗಗಳ ಜನ ಸೇರುವ ಆ ಜಾಗದಲ್ಲಿ ಮಳೆ ನೀರು ನಿಲ್ಲದ, ರಸ್ತೆ ದಾಟಬೇಕಿಲ್ಲದ ಒಂದು ಮುಚ್ಚಿಗೆಯ ನಡಿಗೆದಾರಿಗೆ ಆಗುವ ಖರ್ಚು ಒಂದು ಎತ್ತರಿಸಿದ ಉಪನಗರ ನಿಲ್ದಾಣದ ಖರ್ಚಿನ ಸಣ್ಣ ಪಾಲು.

ಇಂಥ ಕೆಲಸಗಳಿಗೆ ಒಬ್ಬ ಯಜಮಾನ ಬೇಕೆಂದೇ ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರದ ಕಾಯ್ದೆ 2022ರಲ್ಲಿ ವಿಧಾನಮಂಡಲದ ಒಪ್ಪಿಗೆ ಪಡೆಯಿತು. 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದು ಒಂದಿದ್ದ ಮಹಾನಗರ ಪಾಲಿಕೆ ಐದಾಯಿತು. ಈಗ ಶಿವಾಜಿನಗರ ಒಂದು ಪಾಲಿಕೆಗೆ, ಕೃಷ್ಣರಾಜಪುರ ಇನ್ನೊಂದಕ್ಕೆ. ರೈಲಿನಲ್ಲಿ ಇಪ್ಪತ್ತು ನಿಮಿಷ ಸಾಗಿದರೆ ಎರಡು ಪಾಲಿಕೆಗಳು, ರೈಲ್ವೆ, ಮೆಟ್ರೊ ನಿಗಮ, ಬಿಎಂಟಿಸಿ, ಕೆ-ರೈಡ್ ಎಲ್ಲರ ಸರಹದ್ದನ್ನೂ ಮುಟ್ಟಿ ಬರಬಹುದು. ವಿಸ್ತರಣೆ ಬಂಗಾರಪೇಟೆಗೆ ಹೋದರೆ ಕೋಲಾರ ಜಿಲ್ಲಾಡಳಿತವೂ ಸೇರಿಕೊಳ್ಳುತ್ತದೆ. ಅದು ಬೆಂಗಳೂರಿನ ಯಾವ ಪ್ರಾಧಿಕಾರದ ವ್ಯಾಪ್ತಿಗೂ ಬರುವುದಿಲ್ಲ.

ಕೊನೆಗೆ ಹಣದ ಮಾತು. ರಾಜ್ಯ ಸರ್ಕಾರ ಇದುವರೆಗೆ ಉಪನಗರ ರೈಲನ್ನು ನಿರ್ಮಾಣದ ಯೋಜನೆಯಾಗಿ ಮಾತ್ರ ಕಂಡಿದೆ: ಇಪ್ಪತ್ತು ಪಾಲು ನಮ್ಮದು, ಇಪ್ಪತ್ತು ಕೇಂದ್ರದ್ದು, ಉಳಿದ ಅರವತ್ತು ಸಾಲ. ರೈಲು ಓಡಲಾರಂಭಿಸಿದ ಮೇಲೆ ಪ್ರತಿ ವರ್ಷ ಬರುವ ನಷ್ಟ ಯಾರದೆಂಬುದನ್ನು ಜನರ ಮುಂದೆ ಬಿಡಿಸಿ ಹೇಳಿದವರಿಲ್ಲ. 2023ರಿಂದ ಮಹಿಳೆಯರ ಉಚಿತ ಬಸ್ ಪ್ರಯಾಣದ ವೆಚ್ಚವನ್ನು ಸಾರಿಗೆ ನಿಗಮಗಳಿಗೆ ತುಂಬಿಕೊಡುವ ಪದ್ಧತಿ ರಾಜ್ಯಕ್ಕೆ ಅಭ್ಯಾಸವಾಗಿದೆ. ಅದರ ಸಾಧಕ ಬಾಧಕ ಬೇರೆ ಚರ್ಚೆ. ಪ್ರಯಾಣಿಕನ ಪರವಾಗಿ ಸರ್ಕಾರ ಸಾರಿಗೆ ಸಂಸ್ಥೆಗೆ ಹಣ ತೆರುವ ಲೆಕ್ಕಪದ್ಧತಿ ನಮ್ಮಲ್ಲಿದೆ ಎಂಬುದಷ್ಟೇ ಇಲ್ಲಿಯ ಮಾತು. ಅದೇ ರೀತಿ ಬಂಗಾರಪೇಟೆ–ಕಂಟೋನ್ಮೆಂ‌ಟ್ ನಡುವೆ ಬೆಳಿಗ್ಗೆ ಸಂಜೆ ಇಷ್ಟು ಮೆಮು ರೈಲುಗಳು, ಇಷ್ಟು ನಿಮಿಷಕ್ಕೊಂದರಂತೆ ಎಂದು ರಾಜ್ಯ ಖರೀದಿಸಲಿ. ಅವುಗಳಿಂದ ರೈಲ್ವೆಗೆ ಆಗುವ ನಷ್ಟವನ್ನು ಬಜೆಟ್‌ನ ಒಂದು ಶೀರ್ಷಿಕೆಯಡಿ ತೆರಲಿ; ಸಮಯಪಾಲನೆ ತಪ್ಪಿದರೆ ಹಣ ಕಡಿತಗೊಳಿಸಲಿ. ಆಗ ನಿಯಂತ್ರಣ ಕೊಠಡಿಯ ಅಧಿಕಾರಿಗೆ ಲೋಕಲ್ ರೈಲು ಹೊರೆಯಾಗಿ ಉಳಿಯದೆ ಗ್ರಾಹಕನಾಗುತ್ತದೆ. ಹೊಸ ಹಳಿಗೂ ಕಾಯಬೇಕಿಲ್ಲ, ಹೊಸ ಕಂಪನಿಯೂ ಬೇಕಿಲ್ಲ.

ಹಣ ಕೊಟ್ಟರೂ ರೈಲ್ವೆ ಒಪ್ಪದಿದ್ದರೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಹಳಿ ಕೇಂದ್ರದ್ದು, ಸಂವಿಧಾನದ ಕೇಂದ್ರ ಪಟ್ಟಿಯಲ್ಲಿರುವ ವಿಷಯ; ರಾಜ್ಯಕ್ಕೆ ಆಜ್ಞೆ ಮಾಡುವ ಅಧಿಕಾರವಿಲ್ಲ. ಆದರೆ ಚೌಕಾಸಿಗೆ ಬಲ ಇರುವುದು ಯಾವಾಗ ಎಂಬುದು ಮುಖ್ಯ. ಮೂರನೆಯ, ನಾಲ್ಕನೆಯ ಹಳಿಗಳ ವೇಳಾಪಟ್ಟಿ ಹಂಚಿಕೆಯಾಗುವ ಮೊದಲು ಅವುಗಳ ಮೇಲೆ ಯಾರ ಹಕ್ಕೂ ಸ್ಥಾಪಿತವಾಗಿರುವುದಿಲ್ಲ. ಹಂಚಿಕೆಯಾದ ಮೇಲೆ ಪ್ರತಿಯೊಂದು ಹೊಸ ಎಕ್ಸ್‌ಪ್ರೆಸ್‌ನ ಹಿಂದೆಯೂ ಒಬ್ಬ ಸಂಸದ, ಒಂದು ಹಸಿರು ಬಾವುಟದ ಸಮಾರಂಭ, ಒಂದು ದೂರದ ಊರಿನ ಕೃತಜ್ಞತೆ ಇರುತ್ತದೆ. ಆ ರೈಲಿನ ಸಮಯವನ್ನು ಮಾಲೂರಿನ ಪಾಸ್‌ದಾರನಿಗಾಗಿ ಹದಿನೈದು ನಿಮಿಷ ಹಿಂದೆ ಸರಿಸುವ ಧೈರ್ಯ ಯಾರಿಗೂ ಬರುವುದಿಲ್ಲ. ಮುಖ್ಯ ಕಾರ್ಯದರ್ಶಿಯವರು ಹುಬ್ಬಳ್ಳಿಯ ನೈಋತ್ಯ ರೈಲ್ವೆ ಕೇಂದ್ರ ಕಚೇರಿಗೆ ಬರೆಯಬೇಕಾದ ಪತ್ರದಲ್ಲಿ 452 ಕಿ.ಮೀ.ಗಳ ನಕ್ಷೆ ಇರಬೇಕಿಲ್ಲ. ಎಂಟರಿಂದ ಹತ್ತರವರೆಗೆ ಎಷ್ಟು ರೈಲು, ಪ್ರತಿ ರೈಲಿಗೆ ನಾವು ಎಷ್ಟು ಕೊಡಬೇಕು ಎಂಬ ಎರಡು ಪ್ರಶ್ನೆಗಳಿದ್ದರೆ ಸಾಕು.